ಸಹಾಯ ಬೇಕು: ಉಪಗ್ರಹ ಚಿತ್ರದಲ್ಲಿ ಜೌಗು ಯಾವುದು, ಪಾಳು ಗದ್ದೆ ಯಾವುದು?

ಎಲ್ಲರಿಗೂ ನಮಸ್ಕಾರ. ಸಕಲೇಶಪುರದ ಕಡೆ ಕಾಫಿ ತೋಟಗಳ ನಡುವಿನ ತಗ್ಗುಗಳಲ್ಲಿರುವ ಜೌಗು ಜಾಗಗಳ ನಕ್ಷೆ ಮಾಡುತ್ತಿದ್ದೇನೆ. ಮಣ್ಣು ತುಂಬಿ ಮುಚ್ಚಿಹೋಗುವ ಮೊದಲು ಇವನ್ನು ಗುರುತಿಸಲೇಬೇಕು.

ಸೆಂಟಿನೆಲ್-2 ಉಪಗ್ರಹದ ಚಿತ್ರಗಳನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶಕ್ಕೆ ಹಾಕಿ, ನೀರನ್ನು ಗುರುತಿಸುವ ಎನ್‌ಡಿಡಬ್ಲ್ಯುಐ ಸೂಚ್ಯಂಕ ತೆಗೆದೆ. ಹಳೇಬೀಡಿನ ದ್ವಾರಸಮುದ್ರ ಕೆರೆ, ಚಿಕ್ಕಮಗಳೂರು ಕಡೆಯ ಅಯ್ಯನಕೆರೆ ಸ್ಪಷ್ಟವಾಗಿ ಬಂದವು. ಅವು ತೆರೆದ ನೀರು ಅಲ್ವಾ! ಜೌಗಿನಲ್ಲಿ ನೀರಿನ ಮೇಲೆ ಹುಲ್ಲು, ಜೊಂಡು ಬೆಳೆದಿರುತ್ತದೆ. ಹಾಗಾಗಿ ಅದು ಬರೀ ಹಸಿರಾಗಿ ಕಾಣುತ್ತದೆ. ಅಗಲವೂ ಕಡಿಮೆ, ಕೆಲವು ಕಡೆ 10 ಮೀಟರ್‌ನ ಎರಡು ಮೂರು ಪಿಕ್ಸೆಲ್ ಅಷ್ಟೇ.

ಮಳೆಗಾಲದಲ್ಲಂತೂ ಮೋಡ ಬಿಡುವುದಿಲ್ಲ. ಅದಕ್ಕೆ ಮೋಡದ ಮೂಲಕವೂ ನೋಡಬಲ್ಲ ಸೆಂಟಿನೆಲ್-1 ಉಪಗ್ರಹದ ರೇಡಾರ್ ಚಿತ್ರ ಹಿಡಿದೆ. ನೀರು ನಿಲ್ಲಿಸಿ ಆಗಷ್ಟೇ ನಾಟಿ ಮಾಡಿದ ಗದ್ದೆ ಅದರಲ್ಲಿ ಕಪ್ಪಗೆ ಕಾಣುತ್ತದೆ, ಪೈರು ಎದ್ದ ಮೇಲೆ ಬೆಳ್ಳಗಾಗುತ್ತದೆ. ಈ ಬದಲಾವಣೆ ನೋಡಿ ಸಾಗುವಳಿ ಗದ್ದೆಯನ್ನು ಬೇರೆ ಮಾಡಬಹುದು.

ಸಮಸ್ಯೆ ಇರುವುದು ಪಾಳು ಬಿಟ್ಟ ಗದ್ದೆಯಲ್ಲಿ. ನಾಟಿಯೇ ಇಲ್ಲದ್ದರಿಂದ ಎರಡು ಚಿತ್ರದಲ್ಲೂ ಅದು ಜೌಗಿನಂತೆಯೇ ಕಾಣುತ್ತದೆ. ಬೇಸಿಗೆಯ ತೇವ ನೋಡೋಣ ಅಂದರೆ ಅದನ್ನು ತೋರಿಸುವ ಸೆಂಟಿನೆಲ್-2ರ ಶಾರ್ಟ್‌ವೇವ್ ಇನ್‌ಫ್ರಾರೆಡ್ ಬ್ಯಾಂಡ್‌ನ (ಕಣ್ಣಿಗೆ ಕಾಣದ ಬೆಳಕಿನ ಒಂದು ಪಟ್ಟಿ) ಪಿಕ್ಸೆಲ್ 20 ಮೀಟರ್‌ನದು, ಪಕ್ಕದ ತೋಟದ ಮರಗಳೂ ಸೇರಿಬಿಡುತ್ತವೆ.

ಬೇಸಿಗೆಯಲ್ಲೂ ಒಣಗದ ಜೌಗನ್ನು ಪಾಳು ಗದ್ದೆಯಿಂದ ಬೇರೆ ಮಾಡಲು ಯಾವ ತಿಂಗಳುಗಳ ಚಿತ್ರ, ಯಾವ ಬ್ಯಾಂಡ್‌ಗಳನ್ನು ಬಳಸಬೇಕು? ಮಲೆನಾಡಿನಲ್ಲಿ ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.