ಹತ್ತು ವರ್ಷದ ಲ್ಯಾಪ್‌ಟಾಪ್: ರಿಪೇರಿ ಮಾಡಿಸಲಾ, ಹೊಸದು ತಗೊಳ್ಳಲಾ? ಅನುಭವ ಇದ್ದವರು ಹೇಳಿ

ಕೇಳಿದ್ದು: ಕ್ಯಾತ್ಸಂದ್ರ, ತುಮಕೂರು

ನಮ್ಮ ಮನೆಯ ಲ್ಯಾಪ್‌ಟಾಪ್ 2016ರದ್ದು. ಐ3 ಆರನೇ ಜನರೇಷನ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಆನ್ ಮಾಡಿ ಕಾಫಿ ಕುಡಿದು ಬಂದರೂ ಚಕ್ರ ತಿರುಗುತ್ತಲೇ ಇರುತ್ತದೆ. ಈಗ ವಿಂಡೋಸ್ 10ಕ್ಕೆ ಸಪೋರ್ಟ್ ಮುಗಿದಿದೆ ಅಂತ ಬೇರೆ ತೋರಿಸುತ್ತಿದೆ. ಅಂಗಡಿಯಲ್ಲಿ ಕೇಳಿದರೆ "ಇದನ್ನ ಗುಜರಿಗೆ ಹಾಕಿ ಮೇಡಂ, ಹೊಸದು ತಗೊಳ್ಳಿ" ಅಂದರು. ನಾನು ಹೈಸ್ಕೂಲ್ ಟೀಚರ್, ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡುತ್ತೇನೆ. ಮಗಳು ಬಿಕಾಂ, ಅವಳಿಗೆ ಎಕ್ಸೆಲ್ ಮತ್ತು ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿ ಬೇಕು. ಏನು ಮಾಡಲಿ?

ಶಿರಾ ಗೇಟ್, ತುಮಕೂರು

ಮೇಡಂ, ಗುಜರಿಗೆ ಹಾಕಬೇಡಿ. ನಮ್ಮ ಏರಿಯಾದಲ್ಲಿ ಯಾರ ಮನೆಯ ಕಂಪ್ಯೂಟರ್ ಕೆಟ್ಟರೂ ನನ್ನ ಹತ್ತಿರವೇ ಬರುತ್ತದೆ. ಇಂಥ ಲ್ಯಾಪ್‌ಟಾಪ್‌ಗಳಲ್ಲಿ ಹತ್ತಕ್ಕೆ ಒಂಬತ್ತರಲ್ಲಿ ತಪ್ಪು ಪ್ರೊಸೆಸರ್‌ದಲ್ಲ, ಹಾರ್ಡ್ ಡಿಸ್ಕ್‌ದು.

ನೀವೇ ನೋಡಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್ ಬರುತ್ತದೆ. ಡಿಸ್ಕ್ ಅನ್ನುವ ಕಾಲಂ 100% ಅಂತ ಕೆಂಪಗೆ ಅಂಟಿಕೊಂಡು ಕೂತಿದ್ದು, ಪಕ್ಕದಲ್ಲಿ ಸಿಪಿಯು ಹದಿನೈದೋ ಇಪ್ಪತ್ತೋ ತೋರಿಸುತ್ತಿದ್ದರೆ ಕಳ್ಳ ಸಿಕ್ಕ ಹಾಗೇ. ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕ್ ಒಳಗೆ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ. ಅದರ ಮೇಲೆ ಒಂದು ಸಣ್ಣ ಕಡ್ಡಿ ಆಚೆ ಈಚೆ ಓಡಾಡಿ ಫೈಲ್ ಹುಡುಕಬೇಕು. ಚಿಲ್ಲರೆ ಫೈಲ್‌ಗಳಾದರೆ ಸೆಕೆಂಡಿಗೆ ನೂರರ ಆಸುಪಾಸು ಓದಿದರೆ ಹೆಚ್ಚು. ವಿಂಡೋಸ್ ಎದ್ದೇಳುವಾಗ ಕೇಳುವುದೆಲ್ಲಾ ಇಂಥ ಚಿಲ್ಲರೆ ಫೈಲ್‌ಗಳೇ. ಇದರ ಬದಲು ಎಸ್‌ಎಸ್‌ಡಿ ಹಾಕಿಸಿ. ಅದು ಚಿಪ್‌ಗಳಲ್ಲಿ ಫೈಲ್ ಇಡುವ ಡಿಸ್ಕ್, ಅದರಲ್ಲಿ ತಿರುಗುವುದು, ಓಡಾಡುವುದು ಏನೂ ಇಲ್ಲ. ಅದೇ ಕೆಲಸ ಸಾವಿರಗಟ್ಟಲೆ ಲೆಕ್ಕದಲ್ಲಿ ಆಗುತ್ತದೆ.

ನಿಮಗೆ ಬೇಕಿರುವುದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ. 256 ಜಿಬಿ ಸಾಕು. ಎನ್‌ವಿಎಂಇ ಅನ್ನುವ ಇನ್ನೊಂದು ಬಗೆಯ ಎಸ್‌ಎಸ್‌ಡಿ ಜಾಸ್ತಿ ಫಾಸ್ಟು ಅಂತ ಯಾರಾದರೂ ಹೇಳಿದರೆ ತಲೆ ಕೆಡಿಸಿಕೊಳ್ಳಬೇಡಿ, ಹಾರ್ಡ್ ಡಿಸ್ಕ್ ಇದ್ದ ಜಾಗದಲ್ಲಿ ಅದು ಕೂರುವುದೇ ಇಲ್ಲ. ಹೊಸ ಲ್ಯಾಪ್‌ಟಾಪ್‌ಗೆ ಕೊಡುವ ದುಡ್ಡಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿ ಮುಗಿಯುವ ಕೆಲಸ ಇದು.

ರ‍್ಯಾಮ್ ಕೂಡ 8 ಜಿಬಿ ಮಾಡಿಸಿ, ಆದರೆ ಅವಸರ ಬೇಡ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿದೆ. ತಯಾರಿಸುವ ಕಂಪನಿಗಳೆಲ್ಲಾ ಎಐ ಡೇಟಾ ಸೆಂಟರ್‌ಗಳ ಹಿಂದೆ ಬಿದ್ದಿವೆ, ಬಿಸಿ ಮಾತ್ರ ನಮ್ಮ ಜೇಬಿಗೆ. ಆರನೇ ಜನರೇಷನ್‌ನಲ್ಲಿ ಕೆಲವು ಲ್ಯಾಪ್‌ಟಾಪ್‌ಗೆ ಡಿಡಿಆರ್3ಎಲ್, ಕೆಲವಕ್ಕೆ ಡಿಡಿಆರ್4. ಒಂದರ ಜಾಗದಲ್ಲಿ ಇನ್ನೊಂದು ಕೂರಲ್ಲ, ಕಚ್ಚಿನ ಜಾಗವೇ ಬೇರೆ. ಟಾಸ್ಕ್ ಮ್ಯಾನೇಜರ್‌ನಲ್ಲೇ ಮೆಮೊರಿ ಪುಟ ನೋಡಿ. ಸ್ಪೀಡ್ 1600 ಇದ್ದರೆ ಮೊದಲನೆಯದು, 2133 ಇದ್ದರೆ ಎರಡನೆಯದು. ಸ್ಲಾಟ್ ಖಾಲಿ ಇದೆಯಾ ಅನ್ನುವುದೂ ಅಲ್ಲೇ ಇರುತ್ತದೆ.

ಇನ್ನು ವಿಂಡೋಸ್. 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ನಿಂತಿತು. ನಿಂತಿದ್ದು ಸಪೋರ್ಟ್ ಮಾತ್ರ, ಲ್ಯಾಪ್‌ಟಾಪ್ ಅಲ್ಲ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್‌ಗೆ ಸೇರಿಕೊಳ್ಳಿ. ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡು ಕೊಡಬೇಕಿಲ್ಲ. ಅದು 2026ರ ಅಕ್ಟೋಬರ್ 13ರವರೆಗೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೇ ಜನರೇಷನ್‌ನಿಂದ ಮೇಲೆ, ಜೊತೆಗೆ ಟಿಪಿಎಂ 2.0 ಅನ್ನುವ ಭದ್ರತೆಯ ವ್ಯವಸ್ಥೆ ಬೇಕು. ಅಡ್ಡದಾರಿಯಲ್ಲಿ ಹಾಕುವ ಯೂಟ್ಯೂಬ್ ವಿಡಿಯೋಗಳಿವೆ, ಹಾಕಬಹುದು ಕೂಡ. ಆದರೆ ಮುಂದೆ ಅಪ್‌ಡೇಟ್ ಬರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಪರೀಕ್ಷೆಯ ಹಿಂದಿನ ದಿನ ಪ್ರಶ್ನೆಪತ್ರಿಕೆ ಟೈಪ್ ಮಾಡುವ ಯಂತ್ರದಲ್ಲಿ ನಾನಂತೂ ಆ ಆಟ ಆಡಲ್ಲ.

ನಾನು ವಿಂಡೋಸ್ ಬದಲು ಹಾಕುವ ಲಿನಕ್ಸ್ ಪಕ್ಷದವನು. ಅದರಲ್ಲೇ ಒಂದು ಬಗೆಯಾದ ಮಿಂಟ್ ಹಾಕಿದರೆ ಈ ಲ್ಯಾಪ್‌ಟಾಪ್ ಚೆನ್ನಾಗಿಯೇ ಓಡುತ್ತದೆ, ನುಡಿಯಲ್ಲಿರುವ ಕಗಪ ಕೀಲಿಮಣೆಯೂ ಅದರಲ್ಲೇ ಬರುತ್ತದೆ. ಆದರೂ ನಿಮಗೆ ಹೇಳಲ್ಲ, ಯಾಕೆಂದರೆ ಮಗಳಿಗೆ ಟ್ಯಾಲಿ ಬೇಕು. ಟ್ಯಾಲಿ ವಿಂಡೋಸ್‌ದು. ಕಲಿಯುವುದಕ್ಕೆ ಲೈಸೆನ್ಸ್ ಕೊಳ್ಳಬೇಡಿ, ಎಜುಕೇಷನಲ್ ಮೋಡ್ ಪುಕ್ಕಟೆ. ತಿಂಗಳ 1, 2 ಮತ್ತು ಕೊನೇ ತಾರೀಖಿಗೆ ಮಾತ್ರ ವೋಚರ್ ಹಾಕಲು ಬಿಡುತ್ತದೆ, ಪಾಠಕ್ಕೆ ಅಷ್ಟು ಸಾಕಲ್ವಾ?

ಚಿಂತಾಮಣಿ, ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ

ಮೇಲಿನವರು ಹೇಳಿದ್ದಕ್ಕೆ ನನ್ನದೂ ಹೂಂ. ನುಡಿ ಬಗ್ಗೆ ಒಂದು ಮಾತು. ಮೇಡಂ, ಫಾರ್ಮ್ಯಾಟ್ ಮಾಡುವ ಮೊದಲು ನಿಮ್ಮ ಹಳೇ ಪ್ರಶ್ನೆಪತ್ರಿಕೆಗಳನ್ನು ತೆಗೆದು ಯಾವ ಫಾಂಟ್‌ನಲ್ಲಿವೆ ನೋಡಿ. ಹಳೇ ನುಡಿ ಫಾಂಟ್‌ನಲ್ಲಿದ್ದರೆ ಒಳಗೆ ಇರುವುದು ಕನ್ನಡ ಅಕ್ಷರ ಅಲ್ಲ, ಕನ್ನಡದ ವೇಷ ಹಾಕಿದ ಇಂಗ್ಲಿಷ್ ಚಿಹ್ನೆಗಳು. ಆ ಫಾಂಟ್ ಇಲ್ಲದ ಕಡೆ, ಅಂದರೆ ಹೊಸದಾಗಿ ವಿಂಡೋಸ್ ಹಾಕಿದ ಕಂಪ್ಯೂಟರ್‌ನಲ್ಲಿ, ಫೋನ್‌ನಲ್ಲಿ ತೆಗೆದರೆ ಕಲಸುಮೇಲೋಗರ. ಯೂನಿಟ್ ಟೆಸ್ಟ್ ಸೀಸನ್‌ನಲ್ಲಿ ನಮ್ಮ ಅಂಗಡಿಗೆ ಟೀಚರ್‌ಗಳು ಪೆನ್‌ಡ್ರೈವ್ ತಂದು ಕೊಟ್ಟಾಗ ಇದೇ ಗೋಳು. ಒಂದು ಕಡೆ ಒತ್ತಕ್ಷರ ಹಾರಿಹೋಗಿರುತ್ತದೆ, ಇನ್ನೊಂದು ಕಡೆ ಇಡೀ ಸಾಲೇ ಸೊನ್ನೆ, ಗೆರೆ.

ಇನ್ನು ಮುಂದೆ ನುಡಿಯಲ್ಲೇ ಯೂನಿಕೋಡ್ (ನಿಜವಾದ ಕನ್ನಡ ಅಕ್ಷರವಾಗಿಯೇ ಉಳಿಸುವ ಪದ್ಧತಿ) ಆರಿಸಿಕೊಂಡು ಟೈಪ್ ಮಾಡಿ. ಕೀಲಿಮಣೆ ಅದೇ, ಬೆರಳಿಗೆ ಹೊಸದೇನೂ ಕಲಿಸಬೇಕಿಲ್ಲ. ಹಳೇ ಫೈಲ್‌ಗಳಿಗೆ ಪರಿವರ್ತಕ ಇದೆ. ಮಾಡಿದ ಮೇಲೆ ಅರ್ಕಾವತ್ತು, ರ‍್ಯ ಇರುವ ಕಡೆ ಒಂದು ಸಲ ಕಣ್ಣು ಹಾಯಿಸಿ. ಪ್ರಿಂಟ್‌ಗೆ ಬರುವಾಗ ಪಿಡಿಎಫ್ ತನ್ನಿ. ನಾನು ಮಾತ್ರ ಇನ್ನೂ ಪೇಜ್‌ಮೇಕರ್ ಅನ್ನುವ ಹಳೇ ಪುಟ ಜೋಡಿಸುವ ಸಾಫ್ಟ್‌ವೇರ್ ಬಿಟ್ಟಿಲ್ಲ. ಲಗ್ನಪತ್ರಿಕೆ ಕೆಲಸ ಎಲ್ಲಾ ಅದರಲ್ಲೇ ಇದೆ, ಅದು ನನ್ನ ಹಣೆಬರಹ.

ಪೆನ್‌ಡ್ರೈವ್ ಮನೆಗೆ ವಾಪಸ್ ತಂದಾಗ ಫೋಲ್ಡರ್‌ಗಳೆಲ್ಲಾ ಶಾರ್ಟ್‌ಕಟ್ ಆಗಿ ಕಂಡರೆ ಕ್ಲಿಕ್ ಮಾಡಬೇಡಿ. ವೈರಸ್ ಅದು.

ಕೋಲಾರ, ಟೊಮೆಟೊ ಮಂಡಿ

ನಮ್ಮ ಮಂಡಿ ಲೆಕ್ಕಕ್ಕೆ ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ಸೆಕೆಂಡ್ ಹ್ಯಾಂಡ್ ತಂದಿದ್ದೇವೆ. ಕಂಪನಿಗಳು ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್ ತರಹದ ಲ್ಯಾಪ್‌ಟಾಪ್‌ಗಳು ಗಟ್ಟಿ. ಧೂಳು, ಹಮಾಲರ ಗದ್ದಲ, ಕ್ರೇಟ್ ತಾಗುವುದು ಎಲ್ಲಾ ತಡೆದುಕೊಂಡಿವೆ. ಎಂಟನೇ ಜನರೇಷನ್ ಐ5 ತಗೊಂಡರೆ ವಿಂಡೋಸ್ 11 ನೇರವಾಗಿ ಹಾಕಬಹುದು, ಹೊಸ ಅಗ್ಗದ ಲ್ಯಾಪ್‌ಟಾಪ್‌ಗಿಂತ ನನಗೆ ಇದೇ ಮೇಲು. ಆದರೆ ಅಂಗಡಿಯಲ್ಲೇ ನಿಮ್ಮೆದುರಿಗೇ ರೀಸೆಟ್ ಮಾಡಿಸಿ, ನಿಮ್ಮ ಫೋನ್‌ನ ಹಾಟ್‌ಸ್ಪಾಟ್‌ಗೆ ಕನೆಕ್ಟ್ ಮಾಡಿ ನೋಡಿ. ಹಳೇ ಕಂಪನಿಯ ಹೆಸರು ಬಂದು ಅವರ ಲಾಗಿನ್ ಕೇಳಿದರೆ ಲ್ಯಾಪ್‌ಟಾಪ್ ಇನ್ನೂ ಅವರ ಹಿಡಿತದಲ್ಲೇ ಇದೆ ಅಂತ, ಅಲ್ಲೇ ಇಟ್ಟು ಬನ್ನಿ. ಮನೆಗೆ ತಂದ ಮೇಲೆ ಗೊತ್ತಾದರೆ ಯಾರೂ ನಿಮ್ಮ ಮಾತು ಕೇಳಲ್ಲ. ಬಿಲ್ ಕೊಡದವರ ಹತ್ತಿರ ವ್ಯಾಪಾರ ಬೇಡ.

ಕ್ಯಾತ್ಸಂದ್ರ (ಕೇಳಿದವರು)

ಎಲ್ಲರಿಗೂ ಥ್ಯಾಂಕ್ಸ್. ಟಾಸ್ಕ್ ಮ್ಯಾನೇಜರ್ ನೋಡಿದೆ, ಡಿಸ್ಕ್ 100% ಅಂತಲೇ ಇದೆ. ಬ್ಯಾಟರಿಯೂ ನಿಲ್ಲಲ್ಲ, ಚಾರ್ಜರ್ ತೆಗೆದರೆ ಆಫ್. ಅದನ್ನೂ ಬದಲಿಸಬೇಕಾ?

ಪಾವಗಡ

ಬದಲಿಸಿ ಅಕ್ಕ. 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇರುವ ತಾಲ್ಲೂಕು ನಮ್ಮದು, ಕರೆಂಟ್ ಹೋಗುವುದು ನಮಗೂ ತಪ್ಪಿಲ್ಲ. ಕೆಲಸದ ಮಧ್ಯೆ ಸಿಸ್ಟಂ ಹಾಗೆ ಸತ್ತರೆ ಫೈಲ್ ಹಾಳಾಗುತ್ತದೆ. ಟಚ್‌ಪ್ಯಾಡ್ ಉಬ್ಬಿದ ಹಾಗಿದೆಯಾ ನೋಡಿ. ಉಬ್ಬಿದ್ದರೆ ಬ್ಯಾಟರಿ ಊದಿಕೊಂಡಿದೆ ಅಂತ. ಚಾರ್ಜ್‌ಗೆ ಹಾಕುವುದನ್ನು ಈಗಲೇ ನಿಲ್ಲಿಸಿ.

ಶಿರಾ ಗೇಟ್, ತುಮಕೂರು

ಹೌದು, ಬ್ಯಾಟರಿ ಹಾಕಿಸಿ. ಎಸ್‌ಎಸ್‌ಡಿ ಹಾಕಿಸುವ ದಿನವೇ ಎರಡೂ ಆಗಲಿ, ಮುಚ್ಚಳ ಒಂದೇ ಸಲ ಬಿಚ್ಚಿದ ಹಾಗಾಗುತ್ತದೆ. ಅದರ ಸ್ಕ್ರೂಗಳು ಎಲ್ಲಾ ಒಂದೇ ಉದ್ದ ಇರಲ್ಲ. ಬಿಚ್ಚುವವರು ಎಲ್ಲವನ್ನೂ ಒಂದೇ ಬಟ್ಟಲಿಗೆ ಸುರಿದರೆ ಸ್ವಲ್ಪ ತಡೆಯಿರಿ. ಹಾಳೆ ಮೇಲೆ ಲ್ಯಾಪ್‌ಟಾಪ್ ಚಿತ್ರ ಬರೆದು ಆಯಾ ಜಾಗದಲ್ಲಿ ಟೇಪ್ ಹಾಕಿ ಅಂಟಿಸಿ ಅನ್ನಿ. ಉದ್ದದ್ದು ಗಿಡ್ಡದರ ಜಾಗಕ್ಕೆ ಹೋದರೆ ಮೇಲೆ ಕೀಬೋರ್ಡ್ ಕಡೆ ತೂತು ಬೀಳುತ್ತದೆ.

ವಿಂಡೋಸ್‌ಗೆ ಅಂತ ಬೇರೆ ದುಡ್ಡು ಕೇಳಿದರೆ ಕೊಡಬೇಡಿ. ನಿಮ್ಮ ವಿಂಡೋಸ್ ಅಸಲಿ ಆಗಿದ್ದರೆ ಅದರ ಲೈಸೆನ್ಸ್ ಮದರ್‌ಬೋರ್ಡ್‌ಗೆ ಸೇರಿದ್ದು. ಹೊಸ ಎಸ್‌ಎಸ್‌ಡಿ ಮೇಲೆ ಅದೇ ವಿಂಡೋಸ್ ಹಾಕಿ ನೆಟ್ ಕೊಟ್ಟರೆ ತಾನೇ ಆ್ಯಕ್ಟಿವೇಟ್ ಆಗುತ್ತದೆ. ಹಾಕಿದ ಕೂಲಿ ಮಾತ್ರ ಕೊಡಿ.

ಹಳೇ ಹಾರ್ಡ್ ಡಿಸ್ಕ್ ಕೇಳಿ ಇಸ್ಕೊಳ್ಳಿ. ಎಕ್ಸ್‌ಚೇಂಜ್ ಅಂತ ಇನ್ನೂರು ಮುನ್ನೂರು ಬಿಟ್ಟರೂ ಕೊಡಬೇಡಿ. ಮನೆಯವರ ಆಧಾರ್, ಪಾಸ್‌ಬುಕ್ ಸ್ಕ್ಯಾನ್, ಫೋಟೋ ಎಲ್ಲಾ ಅದರಲ್ಲಿರುತ್ತದೆ, ಡಿಲೀಟ್ ಮಾಡಿದ್ದನ್ನೂ ವಾಪಸ್ ತೆಗೆಯಬಹುದು. ಒಂದು ಯುಎಸ್‌ಬಿ ಕೇಸ್‌ಗೆ ಹಾಕಿಸಿಕೊಂಡರೆ ನಿಮ್ಮ ಪ್ರಶ್ನೆಪತ್ರಿಕೆಗಳ ಬ್ಯಾಕಪ್‌ಗೆ ಆಗುತ್ತದೆ. ಯಾವ ದಿನ ಹೋಗುತ್ತೀರಿ ಅಂತ ಒಂದು ಮೆಸೇಜ್ ಹಾಕಿ, ಭಾನುವಾರ ಆದರೆ ನಾನೂ ಬರುತ್ತೇನೆ.