ಪದಚರ್ಚೆ: ಕ್ರ್ಯಾಶ್ ಟೆಸ್ಟ್ ಅಂಕಪಟ್ಟಿಯ ಪದಗಳು – ‘ವಯಸ್ಕರ ಸುರಕ್ಷತೆ’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಶಿವಮೊಗ್ಗದಲ್ಲಿ ಡ್ರೈವಿಂಗ್ ಕಲಿಯಲು ಬರುವವರಿಗೆ ಕೊಡಲು ನಾಲ್ಕು ಪುಟದ ಕೈಪಿಡಿಯೊಂದು ತಯಾರಾಗುತ್ತಿದೆ. ಸಣ್ಣ ಎಲೆಕ್ಟ್ರಿಕ್ ಎಸ್‌ಯುವಿ ಕೊಳ್ಳುವವರು ಭಾರತ್ ಎನ್‌ಕ್ಯಾಪ್ (ಕಾರುಗಳಿಗೆ ಡಿಕ್ಕಿ ಹೊಡೆಸಿ ನೋಡಿ ಸ್ಟಾರ್ ಕೊಡುವ ನಮ್ಮ ದೇಶದ ವ್ಯವಸ್ಥೆ) ಅಂಕಪಟ್ಟಿಯನ್ನು ಹೇಗೆ ಓದಬೇಕು ಎಂಬುದು ಅದರ ವಿಷಯ. ಉದಾಹರಣೆಗೆಂದು ಟಾಟಾ ಪಂಚ್ ಇವಿಯ 2024ರ ಅಂಕಪಟ್ಟಿ ಇಟ್ಟುಕೊಂಡಿದ್ದೇವೆ. ಅದರಲ್ಲಿ ‘ಅಡಲ್ಟ್ ಆಕ್ಯುಪೆಂಟ್ ಪ್ರೊಟೆಕ್ಷನ್’ 32ಕ್ಕೆ 31.46, ‘ಚೈಲ್ಡ್ ಆಕ್ಯುಪೆಂಟ್ ಪ್ರೊಟೆಕ್ಷನ್’ 49ಕ್ಕೆ 45. ಎರಡಕ್ಕೂ ಐದು ಸ್ಟಾರ್.

ಕರಡಿನಲ್ಲಿ ಸದ್ಯಕ್ಕೆ ಹೀಗೆ ಬರೆದಿದೆ: ಕ್ರ್ಯಾಶ್ ಟೆಸ್ಟ್ ಎಂದರೆ ‘ಘರ್ಷಣಾ ಪರೀಕ್ಷೆ’, ರೇಟಿಂಗ್ ಎಂದರೆ ‘ಸುರಕ್ಷತಾ ಶ್ರೇಯಾಂಕ’, ಮೇಲಿನ ಎರಡು ಸಾಲಿಗೆ ‘ವಯಸ್ಕರ ಸುರಕ್ಷತೆ’ ಮತ್ತು ‘ಮಕ್ಕಳ ಸುರಕ್ಷತೆ’, ಆಫ್‌ಸೆಟ್ ಟೆಸ್ಟ್‌ಗೆ ‘ಓರೆ ಘರ್ಷಣೆ’, ಕ್ರಂಪಲ್ ಝೋನ್‌ಗೆ ‘ಕುಸಿತ ವಲಯ’, ಐಸೊಲೇಷನ್ ರೆಸಿಸ್ಟೆನ್ಸ್‌ಗೆ ‘ಪ್ರತ್ಯೇಕತಾ ಪ್ರತಿರೋಧ’. ಓದಿ ನೋಡಿದ ಕೆಲವರಿಗೆ ಒಂದೊಂದು ಪದವೂ ಒಂದೊಂದು ಅರ್ಥ ಕೊಟ್ಟಿದೆ. ಅಚ್ಚಿಗೆ ಹೋಗುವ ಮುಂಚೆ ತಿದ್ದಬೇಕು. ಬಲ್ಲವರು ದಯವಿಟ್ಟು ತಿಳಿಸಿ. ಇಂಗ್ಲಿಷ್ ಪದವನ್ನೇ ಉಳಿಸಿಕೊಳ್ಳುವುದು ಒಳ್ಳೆಯದು ಅನಿಸಿದರೆ ಅದನ್ನೂ ಹೇಳಿ.

*

ಮಾನ್ಯರೇ,

ಮೊದಲು ‘ವಯಸ್ಕರ ಸುರಕ್ಷತೆ’ಯನ್ನು ತೆಗೆದುಹಾಕಿ. ತಪ್ಪು ತಿಳಿವಳಿಕೆಯಿಂದ ಜೀವಕ್ಕೇ ಅಪಾಯ ಬರುವುದು ಈ ಪದದಲ್ಲಿ. ಮುಂಭಾಗದ ಪರೀಕ್ಷೆಯಲ್ಲಿ ದೊಡ್ಡವರ ಅಳತೆಯ ಬೊಂಬೆ ಕೂರುವುದು ಎರಡೇ ಕಡೆ, ಚಾಲಕನ ಸೀಟಿನಲ್ಲಿ ಮತ್ತು ಅವನ ಪಕ್ಕದ ಸೀಟಿನಲ್ಲಿ. ಹಿಂದಿನ ಸೀಟಿನಲ್ಲಿರುವುದು ಮಕ್ಕಳ ಸೀಟಿಗೆ ಕಟ್ಟಿದ ಎರಡು ಮಕ್ಕಳ ಬೊಂಬೆ. ಒಂದು ಒಂದೂವರೆ ವರ್ಷದ ಮಗುವಿನ ಅಳತೆಯದು, ಇನ್ನೊಂದು ಮೂರು ವರ್ಷದ್ದು. ಹಾಗಾಗಿ 31.46 ಎಂಬ ಅಂಕ ಹಿಂದೆ ಕೂರುವ ಅಪ್ಪ, ಅಮ್ಮ, ಅಜ್ಜಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ‘ವಯಸ್ಕರ ಸುರಕ್ಷತೆ 32ಕ್ಕೆ 31.46’ ಎಂದು ಅಚ್ಚಾದರೆ, ಹಿಂದಿನ ಸೀಟಿನವರು ಬೆಲ್ಟ್ ಹಾಕದೆಯೂ ಕ್ಷೇಮ ಎಂದು ಓದುಗರು ತಿಳಿಯುತ್ತಾರೆ. ‘ಮುಂದಿನ ಸೀಟಿನ ದೊಡ್ಡವರಿಗೆ ರಕ್ಷಣೆ’ ಎಂದು ಬರೆಯಿರಿ. ಉದ್ದವಾದರೂ ಪರವಾಗಿಲ್ಲ.

‘ಸುರಕ್ಷತೆ’ ಬಿಟ್ಟು ‘ರಕ್ಷಣೆ’ ಎನ್ನಲು ಇನ್ನೊಂದು ಕಾರಣವಿದೆ. ಬ್ರೇಕ್ ಹಿಡಿಯುವುದು, ಮಳೆಯಲ್ಲಿ ಗಾಡಿ ಜಾರದಿರುವುದು, ರಾತ್ರಿ ದೀಪ ಎಷ್ಟು ದೂರ ಬೀಳುತ್ತದೆ ಎಂಬುದು, ಇವೆಲ್ಲ ಸೇರಿದರೆ ಸುರಕ್ಷತೆ. ಈ 32 ಅಂಕ ಅಳೆಯುವುದು ಬಡಿದ ಮೇಲೆ ತಲೆ, ಕುತ್ತಿಗೆ, ಎದೆ, ಮಂಡಿ, ಪಾದಕ್ಕೆ ಎಷ್ಟು ಪೆಟ್ಟಾಯಿತು ಎಂಬುದನ್ನು. 16 ಅಂಕ ಮುಂದಿನ ಡಿಕ್ಕಿಗೆ, 16 ಪಕ್ಕದ ಡಿಕ್ಕಿಗೆ. ಮೂರು ಸ್ಟಾರ್ ಮತ್ತು ಮೇಲ್ಪಟ್ಟ ದರ್ಜೆಗೆ ಗಾಡಿ ಜಾರದಂತೆ ತಡೆಯುವ ಇಎಸ್‌ಸಿ ಇರಲೇಬೇಕೆಂಬ ಷರತ್ತು ಇದೆ ನಿಜ, ಆದರೆ ಅದಕ್ಕೆ ಪ್ರತ್ಯೇಕ ಅಂಕವಿಲ್ಲ.

‘ಶ್ರೇಯಾಂಕ’ ಬೇಡ. ಟೆನಿಸ್ ಆಟಗಾರರ ಸಾಲಿನಲ್ಲಿ ಒಬ್ಬರು ಮೇಲೆ, ಒಬ್ಬರು ಕೆಳಗೆ ಎಂಬ ಅರ್ಥಕ್ಕೆ ಅದು ಈಗ ನಿಂತುಹೋಗಿದೆ. ಸ್ಟಾರ್ ಸಿಗುವುದು ಒಂದು ಗಾಡಿಯನ್ನು ಇನ್ನೊಂದರ ಜೊತೆ ಹೋಲಿಸಿ ಅಲ್ಲ, ಗೆರೆ ದಾಟಿದ್ದಕ್ಕೆ. ದೊಡ್ಡವರ ವಿಭಾಗದಲ್ಲಿ 27, ಮಕ್ಕಳದರಲ್ಲಿ 41 ದಾಟಿದರೆ ಐದು ಸ್ಟಾರ್. 22 ಮತ್ತು 35 ದಾಟಿದರೆ ನಾಲ್ಕು. ಎಷ್ಟು ಗಾಡಿಗಳಾದರೂ ಐದು ಪಡೆಯಬಹುದು. ಆದ್ದರಿಂದ ‘ದರ್ಜೆ’ ಸರಿ, ‘ಸ್ಟಾರ್ ದರ್ಜೆ’ ಇನ್ನೂ ಸರಿ. ‘ನಕ್ಷತ್ರ’ ಎಂದು ಬರೆಯಬೇಕಿಲ್ಲ, ಶೋರೂಮಿನಲ್ಲಿ ಯಾರೂ ಹಾಗೆ ಕೇಳುವುದಿಲ್ಲ.

‘ಘರ್ಷಣೆ’ ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಎರಡು ಮೇಲ್ಮೈ ಉಜ್ಜುವುದಕ್ಕೆ ಇರುವ ಪದ, ಪತ್ರಿಕೆಯಲ್ಲಿ ಎರಡು ಗುಂಪುಗಳ ಹೊಡೆದಾಟಕ್ಕೆ. ಜನ ಆಡುವುದು ‘ಡಿಕ್ಕಿ’. ಆದರೆ ‘ಡಿಕ್ಕಿ ಪರೀಕ್ಷೆ’ ಎಂದು ಬಿಡಿಯಾಗಿ ತಲೆಬರಹ ಕೊಟ್ಟರೆ ಲಗೇಜ್ ಇಡುವ ಡಿಕ್ಕಿ ನೆನಪಾಗುತ್ತದೆ. ತಲೆಬರಹಕ್ಕೆ ‘ಕ್ರ್ಯಾಶ್ ಟೆಸ್ಟ್’ ಇರಲಿ, ಒಳಗಿನ ವಾಕ್ಯಗಳಲ್ಲಿ ‘ಡಿಕ್ಕಿ ಹೊಡೆಸಿ ನೋಡುತ್ತಾರೆ’ ಎಂದು ಕ್ರಿಯಾಪದವಾಗಿ ಬರಲಿ. ‘ಅಪಘಾತ’ ಎಂಬ ಪದವನ್ನು ರಸ್ತೆಯಲ್ಲಿ ಆಗುವುದಕ್ಕೇ ಮೀಸಲಿಡಿ.

ಆಫ್‌ಸೆಟ್ ಟೆಸ್ಟ್‌ಗೆ ‘ಓರೆ’ ಪೂರ್ತಿ ತಪ್ಪು. ಗಾಡಿ ಓರೆಯಾಗಿ ಹೋಗುವುದಿಲ್ಲ, ನೇರವಾಗಿಯೇ ಗಂಟೆಗೆ 64 ಕಿ.ಮೀ. ವೇಗದಲ್ಲಿ ಹೋಗಿ ಬಡಿಯುತ್ತದೆ. ಆದರೆ ಮೂತಿಯ ಅಗಲದಲ್ಲಿ ಚಾಲಕನ ಕಡೆಯ ಶೇಕಡಾ 40 ಭಾಗ ಮಾತ್ರ ತಡೆಗೆ ತಾಗುತ್ತದೆ. ಆ ತಡೆ ಕಾಂಕ್ರೀಟ್ ಗೋಡೆಯಲ್ಲ. ಜೇನುಗೂಡಿನ ಹಾಗೆ ಕಣ್ಣುಕಣ್ಣಾದ ಅಲ್ಯೂಮಿನಿಯಂ. ಎದುರು ಬಂದ ಗಾಡಿಯ ಮೂತಿ ನುಗ್ಗಾಗುವ ಹಾಗೆ ಅದೂ ನುಗ್ಗಾಗುತ್ತದೆ. ಆಗುಂಬೆ ಘಾಟಿಯ ಹೇರ್‌ಪಿನ್ ತಿರುವಿನಲ್ಲಿ, ತೀರ್ಥಹಳ್ಳಿ ರಸ್ತೆಯ ಕುರುಡು ತಿರುವುಗಳಲ್ಲಿ ಒಂದು ಗಾಡಿ ಮಧ್ಯದ ಗೆರೆ ದಾಟಿ ಬಂದರೆ ಆಗುವ ಡಿಕ್ಕಿ ಹೆಚ್ಚುಕಡಿಮೆ ಇದೇ ಬಗೆಯದು: ಎರಡೂ ಗಾಡಿಗಳ ಬಲಗಡೆಯ ಅರ್ಧ, ಅಂದರೆ ಚಾಲಕರು ಕೂತ ಅರ್ಧವೇ, ಪೂರ್ತಿ ಪೆಟ್ಟು ತಿನ್ನುತ್ತದೆ. ‘ಚಾಲಕನ ಕಡೆಯ ಮೂತಿ ಡಿಕ್ಕಿ’ ಎನ್ನಿ, ನಮ್ಮ ಕಡೆ ಎಲ್ಲರಿಗೂ ಕಣ್ಣಿಗೆ ಕಟ್ಟುತ್ತದೆ.

ಇಲ್ಲಿ ಒಂದು ಸಾಲು ಸೇರಿಸಲೇಬೇಕು. ಈ ಪರೀಕ್ಷೆ ಅದೇ ತೂಕದ ಇನ್ನೊಂದು ಕಾರು ಎದುರಾದರೆ ಏನಾಗುತ್ತದೆ ಎಂಬುದರ ಅಂದಾಜು. ಎದುರಿಗೆ ಬಂದದ್ದು ಬಸ್ಸೋ ಜಲ್ಲಿ ತುಂಬಿದ ಟಿಪ್ಪರೋ ಆದರೆ ಐದು ಸ್ಟಾರಿನ ಲೆಕ್ಕ ನಡೆಯುವುದಿಲ್ಲ. ಸಣ್ಣ ಎಸ್‌ಯುವಿಯ ಐದು ಸ್ಟಾರನ್ನು ದೊಡ್ಡ ಎಸ್‌ಯುವಿಯ ಐದು ಸ್ಟಾರಿಗೆ ಸಮ ಎಂದು ಬರೆಯುವುದೂ ಇದೇ ಕಾರಣಕ್ಕೆ ತಪ್ಪು. ‘64’ರ ಪಕ್ಕದಲ್ಲಿ ‘56’ ಅನ್ನೂ ಕೊಡಿ. ಕಾರುಗಳಿಗೆ ಸರ್ಕಾರ ಕಡ್ಡಾಯ ಮಾಡಿರುವ ಎಐಎಸ್ 098 ಎಂಬ ಮುಂಭಾಗದ ಡಿಕ್ಕಿ ಪರೀಕ್ಷೆ ನಡೆಯುವುದು 56 ಕಿ.ಮೀ.ಯಲ್ಲಿ, 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಭಾರತ್ ಎನ್‌ಕ್ಯಾಪ್ ಕಂಪನಿಯ ಇಚ್ಛೆಗೆ ಬಿಟ್ಟದ್ದು. ಎಂಟೇ ಕಿ.ಮೀ. ಹೆಚ್ಚು ಅನಿಸುತ್ತದೆ, ಆದರೆ ಪೆಟ್ಟಿನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಸುಮಾರು ಶೇ. 30ರಷ್ಟು ಜಾಸ್ತಿಯಾಗುತ್ತದೆ.

‘ಕುಸಿತ ವಲಯ’ ಓದಿದರೆ ಮಲೆನಾಡಿನವರಿಗೆ ಧರೆ ಕುಸಿಯುವ ಜಾಗ ಎಂದೇ ಅರ್ಥ. ಮಳೆಗಾಲದಲ್ಲಿ ರಸ್ತೆ ಪಕ್ಕ ಹಾಕುವ ಬೋರ್ಡಿನ ಪದ ಅದು. ‘ಮುದುಡುವ ಭಾಗ’ ಎನ್ನಿ. ಬಂಪರಿನ ಹಿಂದೆ ಒಂದು ಅಡ್ಡಪಟ್ಟಿ, ಅದರ ಎರಡು ತುದಿಗೂ ಡಬ್ಬಿಯಂಥ ತುಂಡುಗಳು, ಅಲ್ಲಿಂದ ಹಿಂದಕ್ಕೆ ಉದ್ದಕ್ಕೆ ಹೋಗುವ ಎರಡು ಬೀಮ್. ಡಬ್ಬಿ ಮೊದಲು ಪದರಪದರವಾಗಿ ಮಡಿಯಬೇಕು, ಆಮೇಲೆ ಬೀಮಿನ ಮುಂತುದಿ. ಬಾಗಿಲ ಕಂಬದಿಂದ ಹಿಂದಿನದು ಅಲುಗಬಾರದು. ಪತ್ರಿಕೆಗಳ ‘ಕಾರು ನಜ್ಜುಗುಜ್ಜು’ ಎಂಬ ಮಾತು ಇವೆರಡನ್ನೂ ಒಂದೇ ಮಾಡಿಬಿಟ್ಟಿದೆ. ಮೂತಿ ಅಪ್ಪಚ್ಚಿಯಾಗಿ ಬಾಗಿಲು ಕೈಯಲ್ಲೇ ತೆರೆದರೆ ಗಾಡಿ ತನ್ನ ಕೆಲಸ ಮಾಡಿದೆ. ಮೂತಿಗೆ ಏನೂ ಆಗದೆ ಪೆಟ್ಟೆಲ್ಲ ಒಳಗಿನವರ ಎದೆಗೆ ಬಂದರೆ ಅದು ಕೆಟ್ಟ ಗಾಡಿ. ಬಾನೆಟ್ ತಟ್ಟಿ ನೋಡಿ ‘ತಗಡು’ ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ, ಹೊರತಗಡು ಪೆಟ್ಟು ತಡೆಯುವ ಭಾಗವೇ ಅಲ್ಲ. ಇದನ್ನು ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಹಾಕಿ. ಜೊತೆಗೆ, ಡಿಕ್ಕಿಯಾದ ಗಾಡಿಯ ಮಡಿದ ಡಬ್ಬಿಯನ್ನು ಟಿಂಕರಿಂಗ್‌ನಲ್ಲಿ ಎಳೆದು, ಬಡಿದು, ವೆಲ್ಡ್ ಮಾಡಿ ಮತ್ತೆ ಹಾಕಬಾರದು, ಹೊಸದೇ ಹಾಕಬೇಕು ಎಂದೂ ಬರೆಯಿರಿ. ಬೆಸುಗೆ ಬಿದ್ದ ಜಾಗ ಗಡುಸಾಗಿ, ಮುಂದಿನ ಸಲ ಮಡಿಕೆ ಬೇರೆಡೆ ಬೀಳುತ್ತದೆ.

ಪಕ್ಕದ ಪರೀಕ್ಷೆ ಎರಡು. 50 ಕಿ.ಮೀ. ವೇಗದಲ್ಲಿ ತಳ್ಳುಗಾಡಿಯೊಂದು ಬಂದು ಬಾಗಿಲಿಗೆ ಬಡಿಯುವುದಕ್ಕೆ ‘ಪಕ್ಕದ ಡಿಕ್ಕಿ’ ಸಾಕು. ಇನ್ನೊಂದರಲ್ಲಿ ಗಾಡಿಯೇ 29 ಕಿ.ಮೀ. ವೇಗದಲ್ಲಿ ಅಡ್ಡಡ್ಡ ಹೋಗಿ ಉಕ್ಕಿನ ಕಂಬಕ್ಕೆ ಬಡಿಯುತ್ತದೆ. ಇದನ್ನು ‘ಕಂಬದ ಪರೀಕ್ಷೆ’ ಎಂದು ಕರೆದು ಆವರಣದಲ್ಲಿ ‘ಜಾರಿ ಹೋಗಿ ಮರಕ್ಕೆ ಪಕ್ಕ ಬಡಿದ ಹಾಗೆ’ ಎಂದು ಸೇರಿಸಿ. ಇದರ ಫಲಿತಾಂಶ 32ರ ಒಳಗೆ ಬರುವುದಿಲ್ಲ, ತಲೆಗೆ ರಕ್ಷಣೆ ಸಿಕ್ಕಿತೇ ಇಲ್ಲವೇ ಎಂದಷ್ಟೇ. ಕಿಟಕಿಯ ಮೇಲಿಂದ ಇಳಿಯುವ ಕರ್ಟನ್ ಏರ್‌ಬ್ಯಾಗ್‌ಗೆ ‘ಪರದೆ ಏರ್‌ಬ್ಯಾಗ್’ ಚೆನ್ನಾಗಿದೆ.

*

ನಮಸ್ಕಾರ. ಮೇಲಿನ ಪತ್ರಕ್ಕೆ ಸೇರಿಕೆಯಾಗಿ ವಿದ್ಯುತ್ತಿನ ಪದಗಳು.

‘ಪ್ರತ್ಯೇಕತಾ ಪ್ರತಿರೋಧ’ ಯಾರಿಗೂ ಅರ್ಥವಾಗದು. ಪಠ್ಯದಲ್ಲಿ ರೆಸಿಸ್ಟೆನ್ಸ್‌ಗೆ ‘ರೋಧ’ ಇದೆ, ಪ್ರತಿರೋಧ ಬೇಕಿಲ್ಲ. ಆದರೆ ಇಲ್ಲಿ ಓದುಗರಿಗೆ ಬೇಕಾದ್ದು ಒಂದೇ ಮಾತು: ಡಿಕ್ಕಿಯಾದ ಮೇಲೆ ಗಾಡಿಯ ಬಾಡಿ ಮುಟ್ಟಿದರೆ ಶಾಕ್ ಹೊಡೆಯುತ್ತದೆಯೇ? ‘ಬಾಡಿ ಮೇಲೆ ಕರೆಂಟ್ ಸೋರದಿರುವುದು’ ಎನ್ನಿ. ‘ಬಾಡಿಗೆ’ ಎಂದು ಮಾತ್ರ ಬರೆಯಬೇಡಿ, ಮನೆ ಬಾಡಿಗೆ ಆಗಿಬಿಡುತ್ತದೆ. ಅಳತೆ ಬೇಕೆಂದರೆ, ವಿಶ್ವಸಂಸ್ಥೆಯ 94 ಮತ್ತು 95ನೇ ವಾಹನ ನಿಯಮಗಳು ಹೇಳುವಂತೆ ಡಿಕ್ಕಿಯ ನಂತರ ತಂತಿಯ ವೋಲ್ಟೇಜ್ 60 ವೋಲ್ಟ್ ಡಿಸಿಗಿಂತ ಕೆಳಗಿಳಿದಿದ್ದರೆ ಸಾಕು. ಇಲ್ಲವೇ ತಂತಿಗೂ ಬಾಡಿಗೂ ನಡುವೆ ವೋಲ್ಟಿಗೆ 100 ಓಮ್‌ನಂತೆ ರೋಧ ಉಳಿದಿದ್ದರೂ ಸಾಕು. 320 ವೋಲ್ಟಿನ ಬ್ಯಾಟರಿಯಾದರೆ ಅದು 32,000 ಓಮ್. ಮೋಟಾರ್ ವೈಂಡಿಂಗ್‌ನವರು ಮೆಗ್ಗರ್ (ಕರೆಂಟ್ ಸೋರಿಕೆ ನೋಡುವ ಮೀಟರ್) ಹಿಡಿದು ನೋಡುವುದು ಇದೇ ಗುಣವನ್ನು.

ಕರಡಿನಲ್ಲಿ ‘ಡಿಕ್ಕಿಯಾದೊಡನೆ ಬ್ಯಾಟರಿ ಆಫ್ ಆಗುತ್ತದೆ’ ಎಂಬಂಥ ವಾಕ್ಯವಿದ್ದರೆ ಅಳಿಸಿ. ಏರ್‌ಬ್ಯಾಗ್ ಕಂಟ್ರೋಲರಿನಿಂದ ಸಂಕೇತ ಬಂದಾಗ ಬ್ಯಾಟರಿ ಪೆಟ್ಟಿಗೆಯ ಕಾಂಟ್ಯಾಕ್ಟರ್ (ತಾನೇ ಕೆಲಸ ಮಾಡುವ ದೊಡ್ಡ ಸ್ವಿಚ್) ತೆರೆದುಕೊಂಡು ಹೊರಗಿನ ಕಿತ್ತಳೆ ಬಣ್ಣದ ಕೇಬಲ್‌ಗೆ ಕರೆಂಟ್ ನಿಲ್ಲುತ್ತದೆ. ಪೆಟ್ಟಿಗೆಯ ಒಳಗಿನ ಸೆಲ್‌ಗಳು ಹಾಗೇ ಚಾರ್ಜ್ ತುಂಬಿಕೊಂಡಿರುತ್ತವೆ. ‘ಹೊರಕ್ಕೆ ಕರೆಂಟ್ ಕಟ್ ಆಗುತ್ತದೆ’ ಎಂಬುದೇ ಸರಿ. ಪೆಟ್ಟು ತಿಂದ ಸೆಲ್ ಗಂಟೆಗಳ ನಂತರವೂ ಬಿಸಿಯೇರಿ ಹೊತ್ತಿಕೊಳ್ಳಬಹುದು. ಆದ್ದರಿಂದ ಎಳೆದು ತಂದ ಗಾಡಿಯನ್ನು ಶೆಡ್ಡಿನೊಳಗೆ, ಅಡಿಕೆ ಒಣಗಿಸುವ ಮಾಡಿನ ಪಕ್ಕ ನಿಲ್ಲಿಸಬಾರದು. ಬಯಲಿನಲ್ಲಿ, ಸುತ್ತ 15 ಮೀಟರ್ ಏನೂ ಇಲ್ಲದ ಕಡೆ ಬಿಡಬೇಕು. ಕಿತ್ತಳೆ ಕೇಬಲ್ಲನ್ನು ಯಾರೂ ಕತ್ತರಿಸಬಾರದು. ತೋಟದ ದಾರಿಯಲ್ಲಿ ಕಲ್ಲು ತಾಗಿ ತಳದ ಬ್ಯಾಟರಿ ಪೆಟ್ಟಿಗೆ ತಗ್ಗಾಗುವುದನ್ನು ಸ್ಟಾರ್ ಅಂಕಗಳು ಅಳೆಯುವುದೇ ಇಲ್ಲ. ಅಂಥ ಪೆಟ್ಟು ಬಿದ್ದರೆ ಚಾರ್ಜಿಗೆ ಹಾಕುವ ಮೊದಲು ಗಾಡಿ ಎತ್ತಿಸಿ ತಳ ನೋಡಿಸಬೇಕು. ಇದಕ್ಕೆ ‘ತಳಪೆಟ್ಟು’ ಎಂಬ ಪದ ಸಾಕು.

ಮಕ್ಕಳ ಸಾಲಿಗೆ ‘ಮಕ್ಕಳ ಸೀಟಿನಲ್ಲಿ ಕೂತ ಮಗುವಿಗೆ ರಕ್ಷಣೆ’ ಎಂದಾಗಲಿ. 49ರಲ್ಲಿ 24 ಬೊಂಬೆಗೆ ಬಿದ್ದ ಪೆಟ್ಟಿಗೆ, 12 ಸೀಟು ಸರಿಯಾಗಿ ಕೂರುವುದಕ್ಕೆ, 13 ಗಾಡಿಯಲ್ಲಿರುವ ಸೌಕರ್ಯಕ್ಕೆ. ಪಂಚ್ ಇವಿಗೆ ಹೋದ 4 ಅಂಕ ಕೊನೆಯದರಲ್ಲೇ ಹೋದದ್ದು. ತೊಡೆಯ ಮೇಲೆ ಕೂರಿಸಿಕೊಂಡ ಮಗುವಿಗೆ ಈ 45ರಲ್ಲಿ ಒಂದಂಕವೂ ಸೇರುವುದಿಲ್ಲ. ‘ರಿಯರ್ ಫೇಸಿಂಗ್’ಗೆ ‘ಹಿಮ್ಮುಖ ಸೀಟು’ ಎಂದರೆ ಹಿಂದಿನ ಸೀಟೆಂದು ಓದಿಕೊಳ್ಳುವವರಿದ್ದಾರೆ. ‘ಮಗುವಿನ ಮುಖ ಹಿಂಗಾಜಿನ ಕಡೆಗೆ’ ಎಂದು ಬಿಡಿಸಿ ಬರೆಯಿರಿ. ಮಕ್ಕಳ ಸೀಟನ್ನು ಗಾಡಿಗೆ ಸಿಕ್ಕಿಸುವ ಐಸೊಫಿಕ್ಸ್ ಹೆಸರು ಬದಲಿಸಬೇಡಿ, ಸೀಟಿನ ಮೇಲೂ ಅದೇ ಅಚ್ಚಾಗಿರುತ್ತದೆ. ‘ಹಿಂದಿನ ಸೀಟಿನ ಒರಗು ಮತ್ತು ಕೂರುವ ಮೆತ್ತೆ ಸೇರುವ ಸಂದಿನಲ್ಲಿರುವ ಎರಡು ಉಕ್ಕಿನ ಬಳೆ’ ಎಂದು ಜಾಗ ತಿಳಿಸಿ. ಕೊಂಡಿ ಎರಡೂ ಕಡೆ ಟಕ್ ಎಂದು ಕೂತು ಹಸಿರು ಗುರುತು ಕಂಡ ಮೇಲೆ, ಮಕ್ಕಳ ಸೀಟಿನ ಬುಡ ಹಿಡಿದು ಅಲುಗಿಸಿದರೆ ಒಂದು ಇಂಚಿಗಿಂತ ಹೆಚ್ಚು ಸರಿಯಬಾರದು.