ಫೋನಿಂದ ಕೋಡಿಂಗ್ ಅಸಿಸ್ಟೆಂಟ್‌ಗೆ ಫೋಟೋ, ಫೈಲು ಕಳ್ಸೋದು: ಅಕ್ಕನ್ನ ಕೇಳಿ

ಗ್ರೂಪ್ ಅಡ್ಮಿನ್: ಮನೆ ಕಂಪ್ಯೂಟರಲ್ಲೋ ಬಾಡಿಗೆ ಸರ್ವರಲ್ಲೋ ಕೋಡ್ ಬರೆಯೋ ಎಐ ಅಸಿಸ್ಟೆಂಟ್ ಓಡಿಸ್ಕೊಂಡು ಫೋನಿಂದ ಎಸ್‌ಎಸ್‌ಎಚ್ ಮಾಡೋರು (ಅಂದ್ರೆ ದೂರದಿಂದ ಆ ಮಷೀನಿಗೆ ಲಾಗಿನ್ ಆಗೋರು) ನಿಮ್ಮ ಊರ ಹೆಸರು ಹಾಕಿ ಕೇಳ್ಬಹುದು. ಅಕ್ಕ ಬೆಂಗಳೂರಲ್ಲಿ ಸರ್ವರ್ ನೋಡ್ಕೊಳ್ಳೋರು, ಈಗ ಸೋಮವಾರಪೇಟೆ ಮನೇಲಿದಾರೆ.

ಗೋಣಿಕೊಪ್ಪ: ಅಕ್ಕ, ಸ್ಕ್ರೀನ್‌ಶಾಟ್ ಕಾಪಿ ಮಾಡಿ ಟರ್ಮಕ್ಸಲ್ಲಿ (ಆಂಡ್ರಾಯ್ಡ್ ಟರ್ಮಿನಲ್ ಆ್ಯಪ್) ಪೇಸ್ಟ್ ಮಾಡಿದ್ರೆ ಏನೂ ಬರಲ್ಲ, ಯಾಕೆ?

ಅಕ್ಕ: ಚಿತ್ರ ಇರೋದು ನಿಮ್ಮ ಫೋನಿನ ಕ್ಲಿಪ್‌ಬೋರ್ಡಲ್ಲಿ, ಅಸಿಸ್ಟೆಂಟ್ ಇರೋದು ಆ ಕಡೆ ಮಷೀನಲ್ಲಿ. ಟರ್ಮಿನಲ್ ಪೇಸ್ಟಲ್ಲಿ ಹೋಗೋದು ಬರೀ ಅಕ್ಷರ. ಫೈಲನ್ನ ಎಸ್‌ಸಿಪಿ (ಎಸ್‌ಎಸ್‌ಎಚ್ ಮೂಲಕ ಫೈಲ್ ಕಾಪಿ ಮಾಡೋ ಕಮಾಂಡ್) ಮಾಡಿ ಆ ಕಡೆ ಹಾಕಿ, ಆಮೇಲೆ ಅದರ ಪೂರ್ತಿ ಪಾತ್ ಬರೆದು ನೋಡು ಅನ್ನಿ. ಟರ್ಮಕ್ಸ್‌ಗೆ ಗ್ಯಾಲರಿ ಸಿಗ್ಬೇಕಂದ್ರೆ ಟರ್ಮಕ್ಸ್-ಸೆಟಪ್-ಸ್ಟೋರೇಜ್ ಒಂದ್ಸಲ ಓಡಿಸಿ.

ನಾಪೋಕ್ಲು: ಇಲ್ಲಿ ಮಳೆ ಹಿಡಿದ್ರೆ ನೆಟ್‌ವರ್ಕ್ ಹೋಗುತ್ತೆ, ದೊಡ್ಡ ಫೈಲ್ ಅರ್ಧಕ್ಕೇ ನಿಂತು ಮತ್ತೆ ಮೊದಲಿಂದ ಶುರು.

ಅಕ್ಕ: ಆರ್‌ಸಿಂಕ್ ಅನ್ನೋ ಕಾಪಿ ಕಮಾಂಡ್, ಜೊತೆಗೆ ಪಾರ್ಷಿಯಲ್ ಆಪ್ಷನ್, ಅರ್ಧ ಹೋಗಿದ್ದು ಉಳ್ಕೊಳ್ಳುತ್ತೆ. ಅಸಿಸ್ಟೆಂಟನ್ನ ಆ ಕಡೆ ಟಿಮಕ್ಸ್ (ಟರ್ಮಿನಲ್ ಕೆಲಸ ಹಿಡಿದಿಡೋ ಪ್ರೋಗ್ರಾಂ) ಒಳಗೆ ಓಡಿಸಿ, ಲೈನ್ ಹೋದ್ರೂ ಅದರ ಕೆಲಸ ನಿಲ್ಲಲ್ಲ.

ಮಡಿಕೇರಿ: ನಮ್ಮ ಹೋಂಸ್ಟೇ ಬುಕಿಂಗ್ ಪೇಜ್ ಕೆಟ್ಟಿತ್ತು ಅಕ್ಕ. ಪ್ರಾಜೆಕ್ಟ್ ಜಿಪ್ ಮಾಡಿ ಫ್ರೀ ಸೈಟಿಗೆ ಹಾಕಿ, ಲಿಂಕ್ ಕೊಟ್ರೆ ಅಸಿಸ್ಟೆಂಟೇ ಇಳಿಸ್ಕೊಳ್ಳುತ್ತೆ ಅಂತ ಒಂದು ಫಾರ್ವರ್ಡ್ ಬಂದಿತ್ತು, ಹಾಗೇ ಮಾಡ್ದೆ, ಪೇಜ್ ಸರಿಯಾಯ್ತು. ಈಗ ನೋಡಿದ್ರೆ ಜಿಪ್ಪಲ್ಲಿ ಕೀ, ಪಾಸ್‌ವರ್ಡ್ ಇರೋ ಡಾಟ್ ಇಎನ್‌ವಿ ಫೈಲೂ ಗೆಸ್ಟ್‌ಗಳ ಆಧಾರ್ ಫೋಟೋಗಳೂ ಇವೆ. ತೊಂದ್ರೆ ಇದ್ಯಾ?

ಅಕ್ಕ: ಇದೆ, ಬೇರೆ ಕೆಲಸ ಬಿಟ್ಟು ಇದನ್ನ ಈಗ್ಲೇ ಮಾಡಿ. ಪೇಮೆಂಟ್ ಕೀ, ಡೇಟಾಬೇಸ್ ಪಾಸ್‌ವರ್ಡ್, ಮೇಲ್ ಪಾಸ್‌ವರ್ಡ್, ಆ ಫೈಲಲ್ಲಿ ಏನೇನಿದೆಯೋ ಎಲ್ಲಾ ಹೊಸದು ಮಾಡಿ, ಹಳೇದನ್ನ ರದ್ದು ಮಾಡಿ. ಜಿಪ್ ಡಿಲೀಟ್ ಮಾಡಿ, ಆದ್ರೆ ಅಷ್ಟಕ್ಕೇ ಮುಗೀತು ಅನ್ಕೋಬೇಡಿ, ಅಷ್ಟರಲ್ಲಿ ಯಾರು ಇಳಿಸ್ಕೊಂಡ್ರು ಅಂತ ನಿಮಗೆ ತಿಳಿಯಲ್ಲ. ಕೋಡಿನ ಹಳೇ ಪ್ರತಿಗಳನ್ನೆಲ್ಲಾ ಇಡೋ ಗಿಟ್‌ಗೂ ಹಾಕಿದ್ರೆ ಹಳೇ ಕಮಿಟಲ್ಲಿ (ಹಳೇ ಪ್ರತಿಯಲ್ಲಿ) ಉಳ್ಕೊಂಡಿರುತ್ತೆ. ಡೇಟಾ ಸೋರಿದ್ದು ಗೊತ್ತಾದ 6 ಗಂಟೆಯೊಳಗೆ ಸರ್ಟ್-ಇನ್‌ಗೆ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ತಿಳಿಸ್ಬೇಕು ಅಂತ ಅದರ 2022ರ ನಿರ್ದೇಶನ ಇದೆ, ಗೆಸ್ಟ್‌ಗಳಿಗೂ ಫೋನ್ ಮಾಡಿ ಹೇಳಿ. ಕೀ ಹೋದ್ರೆ ಬೇರೆ ಮಾಡ್ಬಹುದು, ನಿಮ್ಮನ್ನ ನಂಬಿ ಕೊಟ್ಟವರ ಆಧಾರ್ ಹೋದ್ರೆ ಏನು ಮಾಡ್ತೀರಾ? ಇನ್ಮೇಲೆ ಮಾಸ್ಕ್ಡ್ ಆಧಾರ್ ಕೇಳಿ, ಕೊನೆ 4 ಅಂಕಿ ಮಾತ್ರ ಕಾಣುತ್ತೆ. ಆ ಫೋಟೋಗಳು ಪ್ರಾಜೆಕ್ಟ್ ಫೋಲ್ಡರಲ್ಲಿ ಇರ್ಲೇಬಾರದು. ಅಸಿಸ್ಟೆಂಟ್‌ಗೆ ಬೇಕಾದ ಒಂದೆರಡು ಫೈಲ್ ಮಾತ್ರ ಬೇರೆ ಫೋಲ್ಡರಿಗೆ ಎಸ್‌ಸಿಪಿ ಮಾಡಿ.

ವಿರಾಜಪೇಟೆ: ಅಷ್ಟುದ್ದ ಲಿಂಕ್ ಯಾರು ಹುಡುಕ್ತಾರೆ, ಪಾಪ ಹುಡುಗನ್ನ ಯಾಕೆ ಹೆದರಿಸ್ತೀರಾ.

ಕುಶಾಲನಗರ: ನಿಮ್ಮ ಆಧಾರ್ ಹಾಕಿ ನೋಡಣ, ಅದೇ ಸೈಟಲ್ಲಿ.

ವಿರಾಜಪೇಟೆ: ಆಧಾರ್ ಝೆರಾಕ್ಸ್ ಲಾಡ್ಜ್, ಸಿಮ್ ಅಂಗಡಿ ಎಲ್ಲಾ ಕಡೆ ಕೊಟ್ಟಿದೀವಿ.

ಕುಶಾಲನಗರ: ಕೊಟ್ಟಿದ್ದೇ ತಪ್ಪು. ಹೋಂಸ್ಟೇಯೋರು ಚೆಕ್‌ಔಟ್ ಆದ್ಮೇಲೂ ಫೋಟೋ ಯಾಕೆ ಇಟ್ಕೋಬೇಕು?

ವಿರಾಜಪೇಟೆ: ಪೊಲೀಸ್ರು ಬಂದು ರಿಜಿಸ್ಟರ್ ಕೇಳಿದ್ರೆ ನೀವು ಬಂದು ಉತ್ತರ ಕೊಡ್ತೀರಾ? ಹೋಂಸ್ಟೇ ನಡೆಸಿದ್ರೆ ಗೊತ್ತಾಗುತ್ತೆ.

ಕುಶಾಲನಗರ: ರಿಜಿಸ್ಟರ್ ಬೇರೆ, ಫೋಟೋ ಬೇರೆ ಸ್ವಾಮಿ.

ಸಿದ್ದಾಪುರ: ಸ್ಕ್ರೀನ್‌ಶಾಟ್ ಪೇಸ್ಟ್ ಆಗ್ತಿಲ್ಲ ಅಕ್ಕ.

ಅಕ್ಕ: ಮೇಲೆ ಓದಿ.

ಸುಂಟಿಕೊಪ್ಪ: ಐಫೋನ್ ಫೋಟೋ ಎಚ್‌ಇಐಸಿ ಅನ್ನೋ ಬೇರೆ ಫಾರ್ಮ್ಯಾಟಲ್ಲಿದೆ, ಅಸಿಸ್ಟೆಂಟ್ ಓದ್ತಿಲ್ಲ. ಹೆಸರಿನ ಕೊನೇಲಿ ಜೆಪಿಜಿ ಅಂತ ತಿದ್ದಿದ್ರೆ ಸಾಕು ಅಂತ ವಾಟ್ಸಾಪಲ್ಲಿ ಬಂದಿದೆ.

ಅಕ್ಕ: ರೊಬಸ್ಟಾ ಚೀಲದ ಮೇಲೆ ಅರೇಬಿಕಾ ಅಂತ ಬರೆದ್ರೆ ಒಳಗಿನ ಬೀಜ ಬದಲಾಗುತ್ತಾ? ಕನ್ವರ್ಟ್ ಮಾಡಿ. ಮುಂದಕ್ಕೆ ಕ್ಯಾಮೆರಾ ಸೆಟ್ಟಿಂಗಲ್ಲಿ ಫಾರ್ಮ್ಯಾಟ್ಸ್‌ಗೆ ಹೋಗಿ ಮೋಸ್ಟ್ ಕಂಪ್ಯಾಟಿಬಲ್ ಹಾಕಿ. ಇನ್ನೊಂದು, ಲೊಕೇಶನ್ ಆನ್ ಇಟ್ಟು ತೆಗೆದ ಫೋಟೋದಲ್ಲಿ ತೋಟ ಎಲ್ಲಿದೆ ಅನ್ನೋದೂ ಸೇರಿರುತ್ತೆ, ಫೈಲಾಗಿ ಕಳ್ಸಿದ್ರೆ ಅದೂ ಹೋಗುತ್ತೆ.

ಪೊನ್ನಂಪೇಟೆ: ಪರ್ಮಿಷನ್ ಡಿನೈಡ್ ಬರೋರು ಪೂರ್ತಿ ಫೋಲ್ಡರಿಗೆ ಸಿಎಚ್‌ಮಾಡ್ 777 (ಎಲ್ಲರಿಗೂ ಪೂರ್ತಿ ಅನುಮತಿ) ಕೊಡಿ, ಎಲ್ಲಾ ಸರಿಹೋಗುತ್ತೆ. ಫಾರ್ವರ್ಡ್ ಮಾಡಿ.

ಅಕ್ಕ: ಯಾರೂ ಮಾಡ್ಬೇಡಿ! ಆ ಮಷೀನಲ್ಲಿರೋ ಯಾರು ಬೇಕಾದ್ರೂ ನಿಮ್ಮ ಫೈಲ್ ತಿದ್ದಬಹುದು. ಫೋಲ್ಡರ್ ಯಾವ ಯೂಸರ್ ಹೆಸರಲ್ಲಿದೆ ನೋಡಿ, ಅದನ್ನ ಸರಿ ಮಾಡಿ. ಓದಿ ಅರ್ಥ ಮಾಡ್ಕೊಳ್ದೇ ಇರೋದನ್ನ ಇಲ್ಲಿ ತಂದು ಹಾಕ್ಬೇಡಿ ದಯವಿಟ್ಟು.

ಪೊನ್ನಂಪೇಟೆ: ಒಳ್ಳೇದಕ್ಕೆ ಹಾಕಿದ್ದು, ಇಷ್ಟು ಕೋಪ ಯಾಕೆ.

ಶನಿವಾರಸಂತೆ: ವಾಯ್ಸ್ ಮೆಸೇಜ್ ಕಳ್ಸಿದ್ರೆ ಅಸಿಸ್ಟೆಂಟ್‌ಗೆ ಕನ್ನಡ ಅರ್ಥ ಆಗುತ್ತಾ?

ವಿರಾಜಪೇಟೆ: ಮೊದಲು ಇಲ್ಲಿರೋರಿಗೆ ಅರ್ಥ ಆಗ್ಲಿ.

ಸಿದ್ದಾಪುರ: ಮೇಲೆ ಓದ್ದೆ ಅಕ್ಕ, ಪಾತ್ ಅಂದ್ರೆ ಏನು?

ಅಕ್ಕ: ಫೈಲ್ ಯಾವ ಫೋಲ್ಡರಲ್ಲಿ, ಯಾವ ಹೆಸರಲ್ಲಿದೆ ಅನ್ನೋ ವಿಳಾಸ.

ಮಡಿಕೇರಿ: ಕೀ ಎಲ್ಲಾ ಬದಲಾಯ್ಸಿದೆ, ಜಿಪ್ ತೆಗೆದೆ. ಡೇಟಾಬೇಸ್ ಪಾಸ್‌ವರ್ಡ್ ಬದಲಾದ್ಮೇಲೆ ಬುಕಿಂಗ್ ಪೇಜೇ ತೆರೀತಿಲ್ಲ ಅಕ್ಕ.

ಅಕ್ಕ: ಹೊಸದನ್ನ ಸರ್ವರಲ್ಲಿರೋ ಇಎನ್‌ವಿ ಫೈಲಿಗೂ ಹಾಕಿ ಆ್ಯಪ್ ರೀಸ್ಟಾರ್ಟ್ ಮಾಡಿ. ಅದರ ಸ್ಕ್ರೀನ್‌ಶಾಟ್ ಇಲ್ಲಿ ಹಾಕ್ಬೇಡಿ. ಗೆಸ್ಟ್‌ಗಳಿಗೆ ಫೋನ್ ಮಾಡಿದ್ರಾ?